ಕಟಕೋಳದಿಂದ ಹೊರಟ ಹವಳದ ಮದ್ದು

ಹಿಂದಿನಿಂದ ಸುಮೋ ಮತ್ತೆ ಗುದ್ದಿತು!

ನನ್ನ ಜೀಪು ಯರಗಟ್ಟಿ ರಸ್ತೆ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿತು. ಹಣೆ ಸ್ಟಿಯರಿಂಗಿಗೆ ಬಡಿಯಿತು. ಕಣ್ಣಿಗೆ ರಕ್ತ.

"ಬಾಳೇಶಣ್ಣಾ, ಡಬ್ಬಿ!" ಹಿಂದಿನ ಸೀಟಿನಿಂದ ಪ್ರಜ್ಞಾ ಕಿರುಚಿದಳು.

ಪೊಲೀಸರಿಗೆ ಹೇಳಲಾಗದ್ದನ್ನು ಜನ ನನ್ನ ಹತ್ತಿರ ತರುತ್ತಾರೆ. ಇವಳ ಕೆಲಸ ಸುಲಭವಿತ್ತು... ಕಟಕೋಳದ ಮನೆಯಿಂದ ಗೋವಾದ ಲ್ಯಾಬಿಗೆ ಒಂದು ಐಸ್ ಡಬ್ಬಿ ಮುಟ್ಟಿಸುವುದು.

ಒಳಗೆ ಬ್ಯಾಕ್ಟೀರಿಯಾ!

ಲಕ್ಷದ್ವೀಪದಲ್ಲಿ ಸಮುದ್ರ ಕಾದು ಹವಳಗಳು ಬೆಳ್ಳಗಾಗಿ ಸತ್ತಿದ್ದವು. ಕೆಲವು ಮಾತ್ರ ಬದುಕಿದ್ದವು. ಪ್ರಜ್ಞಾ ನೀರಿಗಿಳಿದು ಅವುಗಳ ಮೈಯಲ್ಲಿದ್ದ ಬ್ಯಾಕ್ಟೀರಿಯಾ ತಂದಳು. ಬೆಳೆಸಿ ಬೇರೆ ಹವಳಕ್ಕೆ ಹಾಕಿದಳು. ಅದೂ ಬಿಸಿ ತಡೆದುಕೊಂಡಿತು!

ಮುಂಬೈಯ ಒಂದು ಕಂಪನಿ ಹವಳಕ್ಕೆಂದು ಸುಳ್ಳು ಔಷಧ ಮಾರುತ್ತಿತ್ತು. ಇವಳ ಬ್ಯಾಕ್ಟೀರಿಯಾ ಗೋವಾ ಮುಟ್ಟಿ ನಿಜವೆಂದು ಸಾಬೀತಾದರೆ ಅವರ ಅಂಗಡಿ ಬಂದ್. ಇವಳ ಸ್ವಂತ ಲ್ಯಾಬಿಗೆ ಅವರೇ ಬೆಂಕಿ ಹಚ್ಚಿಸಿದರು. ಉಳಿದದ್ದು ಅವ್ವನ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದ ಈ ಡಬ್ಬಿ ಮಾತ್ರ.

ಸುಮೋದಿಂದ ಕಾಡಪ್ಪ ಇಳಿದ. ಆ ಕಂಪನಿಯ ಬಾಡಿಗೆ ರೌಡಿ. ಕೈಯಲ್ಲಿ ಮಚ್ಚು.

"ಡಬ್ಬಿ ಕೊಡವಾ ತಂಗಿ. ಸುಮ್ನ ಜೀವಾ ಕಳಕೋಬ್ಯಾಡ."

"ಕೊಡೂದಿಲ್ಲ!"

ಜಗ್ಗಿದ. ಡಬ್ಬಿ ಬಾಯಿಬಿಟ್ಟಿತು. ಗಾಜಿನ ಟ್ಯೂಬುಗಳು ಹೊಲದ ತುಂಬ! ಬೂಟಿನಿಂದ ತುಳಿಯತೊಡಗಿದ.

ಚಟ್... ಚಟ್...

ಪ್ರಜ್ಞಾ ಅವನ ಕಾಲಿಗೆ ಬಿದ್ದು ಕಚ್ಚಿದಳು. ಮುಖಕ್ಕೆ ಒದ್ದ. ನಾನು ಮೇಲೆ ಬಿದ್ದೆ. ಮಚ್ಚು ನನ್ನ ತೋಳು ಸೀಳಿತು. ಬಿಡಲಿಲ್ಲ. ಅವನ ಕೈಯನ್ನು ಜೀಪಿನ ಬಾಗಿಲಿಗೆ ಸಿಕ್ಕಿಸಿ ಬಾಗಿಲು ಜೋರಾಗಿ ಹಾಕಿದೆ.

ಎಲುಬು ಮುರಿದ ಸದ್ದು!

ಇನ್ನೊಮ್ಮೆ ಹಾಕಿದೆ. ಮಚ್ಚು ಬಿತ್ತು. ಮೊಣಕಾಲಿನಿಂದ ಬಾಯಿಗೆ ಕೊಟ್ಟೆ. ಹಲ್ಲು ಉದುರಿದವು. ಕುಸಿದ.

ಪ್ರಜ್ಞಾ ಕಾಣಲಿಲ್ಲ... ಕೂಗುತ್ತ ಸುತ್ತ ಹುಡುಕಿದೆ.

ಜೀಪಿನ ಕೆಳಗಿನಿಂದ ತೆವಳುತ್ತ ಬಂದಳು. ತುಟಿ ಒಡೆದಿತ್ತು. ಅಂಗೈಯಲ್ಲಿ ಗಾಜಿನ ಚೂರು. ಮುಷ್ಟಿಯಲ್ಲಿ ಒಂದು ಟ್ಯೂಬು.

"ಒಂದು ಉಳದೈತಿ ಅಣ್ಣಾ!"

"ಒಂದರಾಗ ಏನಾಗತೈತಿ?"

"ಜೀವಂತ ಅದಾವಲ್ಲಾ... ಬೆಳಸಿದ್ರ ಕೋಟಿಗಟ್ಟಲೆ ಆಗತಾವು." ನಗಲು ಹೋಗಿ ಅತ್ತುಬಿಟ್ಟಳು.

ಅವಳನ್ನು ಗೋವಾ ಮುಟ್ಟಿಸಿದೆ. ಬ್ಯಾಕ್ಟೀರಿಯಾ ಬೆಳೆದವು. ಮರಳುವಾಗ, ಪೊಲೀಸರು ಕಾಡಪ್ಪನನ್ನು ಹಿಡಿದು ಸೇರಿಸಿದ್ದ ಆಸ್ಪತ್ರೆಗೆ ಹೋದೆ. ಕೈಗೆ ಪ್ಲಾಸ್ಟರ್. ಬಾಗಿಲಲ್ಲಿ ಪೊಲೀಸ್.

"ಡಬ್ಬ್ಯಾಗ ಏನಿತ್ತಲೇ? ಬಂಗಾರಾ?"

"ಕ್ರಿಮಿ."

"ಕ್ರಿಮಿ ಸಲುವಾಗಿ ನನ್ನ ಕೈ ಮುರದ್ಯಾ!"

"ಅವು ಉಪಯೋಗಕ್ಕ ಬರೂ ಕ್ರಿಮಿ, ಕಾಡ್ಯಾ... ನಿನ್ನಂಗಲ್ಲ!"