ಕಟ್ಟಿದ ಉಸಿರು, ನಡುಗುವ ಕೈ

"ಭಾರ ಬಿಡಿ... ಪೂರ್ತಿ ಅವರ ಮೇಲೆ ಬಿಡಿ!"

ಮೈಯ ಬಿಗಿ ಬಿಡಿಸುವ ಕ್ಲಾಸಿನ ಟೀಚರಮ್ಮ ಹೇಳಿದ್ದು ಅವಳಿಗೇ. ಚಾಪೆಯ ಮೇಲೆ ಕೂತಿದ್ದ ಅವಳ ಬೆನ್ನಿಗೆ, ಮುಖವನ್ನೂ ಸರಿಯಾಗಿ ನೋಡಿರದ ಗಂಡಸೊಬ್ಬನ ಬೆನ್ನು ಆತುಕೊಂಡಿತ್ತು.

ಬಿಡೋದು ಹೇಗೆ? ಭುಜಗಳೆರಡೂ ಕಿವಿಯ ತನಕ ಏರಿ ಕೂತಿವೆ. ದವಡೆ ಬಿಗಿದಿದೆ. ಒಳಗೆಳೆದ ಉಸಿರು ಹೊರಗೇ ಬರುತ್ತಿಲ್ಲ...

"ಕಷ್ಟ ಆಗ್ತಿದ್ರೆ ನಾನು ಸ್ವಲ್ಪ ಮುಂದೆ ಜರುಗ್ತೀನಿ," ಹಿಂದಿನಿಂದ ಮೆತ್ತಗಿನ ದನಿ.

"ಪರವಾಗಿಲ್ಲ. ಹಾಗೇ ಇರಿ," ಅಂದಳು.

ಆ ಕ್ಷಣವೇ ಅವನ ಬೆನ್ನು ಕಲ್ಲಿನಂತಾಯಿತು! ಥಟ್ಟನೆ ತಿರುಗಿ ಅವಳನ್ನು ನೋಡಿದ. ದೆವ್ವ ಕಂಡವನ ಹಾಗೆ.

'ಅಯ್ಯೋ, ನಾನೇನಂದೆ ಈಗ?'

ಅವಳಿಗೆ ಬೆವರು ಕಿತ್ತುಬಂತು. ಎದ್ದವಳೇ ಹೊರಗೋಡಿದಳು. ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದ ಅಕ್ಕ ಕೈ ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ? ನಿನ್ನ ತಲೆಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಇನ್ನು ಮೈಗಾದ್ರೂ ಯಾರೋ ಹೇಳ್ಲಿ. ನಡಿ ಒಳಗೆ!"

ಅವಳ ಕೆಲಸ ಆಂಬುಲೆನ್ಸ್ ಕೇಂದ್ರದಲ್ಲಿ, ತುರ್ತು ಕರೆ ಎತ್ತುವುದು. ಒಂದು ಮಧ್ಯಾಹ್ನ, ಅಪ್ಪ ಕುಸಿದುಬಿದ್ದರೆಂದು ಒಬ್ಬ ಕಿರುಚಿದ್ದ. ಎದೆ ಒತ್ತುವುದು ಹೇಗೆಂದು ಅವಳೇ ಹೇಳಿಕೊಟ್ಟಳು. 'ನಿಲ್ಲಿಸಬೇಡಿ... ನಾನಿದ್ದೀನಿ,' ಅನ್ನುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಫೋನ್ ಕಟ್ಟಾಯಿತು.

ಆ ಅಪ್ಪ ಉಳಿದರಾ? ನಾನು ಹೇಳಿದ್ದರಲ್ಲೇ ಏನಾದರೂ ತಪ್ಪಿತ್ತಾ?

ಗೊತ್ತಾಗಲೇ ಇಲ್ಲ. ಮರುಕ್ಷಣವೇ ಇನ್ನೊಂದು ಕರೆ ಬಂದಿತ್ತು. ಅಂದು ಕಟ್ಟಿದ ಉಸಿರು ಮತ್ತೆ ಬಿಚ್ಚಿಕೊಳ್ಳಲಿಲ್ಲ. ಯಾರ ಮನೆಯ ಫೋನ್ ರಿಂಗಾದರೂ ಕೈ ತಣ್ಣಗಾಗುತ್ತಿತ್ತು. ರಜೆ ಹಾಕಿದಳು. ರಜೆಯೂ ಈಗ ಮುಗಿಯುತ್ತ ಬಂದಿತ್ತು.

ಅಕ್ಕನ ಕಾಟಕ್ಕೆ ಮತ್ತೆ ಕ್ಲಾಸಿಗೆ ಹೋದಳು. ಅವನೂ ಬಂದ. ಅವನದೊಂದು ಕನ್ನಡಕದ ಅಂಗಡಿ ಇದೆಯಂತೆ. ಕೈ ನಡುಕ ಶುರುವಾಗಿ, ಚಿಕ್ಕ ಸ್ಕ್ರೂ ಹಿಡಿಯಲೂ ಆಗುತ್ತಿಲ್ಲವಂತೆ.

ಟೀಚರಮ್ಮ ಕೈಕಾಲು ಕೊಡವಿಸುತ್ತಿದ್ದರು. ತುಟಿ ಮುಚ್ಚಿ, ಉಸಿರು ಮುಗಿಯೋ ತನಕ 'ಹೂಂ' ಅನ್ನಿಸುತ್ತಿದ್ದರು. "ಮೈ ನಡುಗಿದ್ರೆ ನಡುಗಲಿ. ತಡೀಬೇಡಿ, ಅದು ತಾನೇ ಮುಗಿಸ್ಕೊಳ್ಳುತ್ತೆ," ಅನ್ನುತ್ತಿದ್ದರು.

ಕ್ಲಾಸ್ ಮುಗಿದ ಮೇಲೆ ಬಸ್ ಸ್ಟಾಪಿನ ತನಕ ಇಬ್ಬರೂ ಜೊತೆಯಲ್ಲಿ ನಡೆಯತೊಡಗಿದರು. ಅವನ ಪಕ್ಕದಲ್ಲಿದ್ದಾಗ ಅವಳ ಭುಜ ತಾನಾಗಿಯೇ ಕೆಳಗಿಳಿಯುತ್ತಿತ್ತು. ಅವಳಿಗೆ ಅದು ಗೊತ್ತಾಗಿ, ಎದೆ ಬೇರೆಯದೇ ಕಾರಣಕ್ಕೆ ಹೊಡೆದುಕೊಂಡಿತು!

ಅಂಥದೇ ಒಂದು ಸಂಜೆ, ಆಂಬುಲೆನ್ಸೊಂದು ಕೂಗುತ್ತಾ ಪಕ್ಕದಲ್ಲೇ ಹಾದುಹೋಯಿತು.

ಅವಳು ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದಳು. ಕಣ್ಣು ಕತ್ತಲೆ...

ಅವನು ಎದುರಿಗೇ ಮಂಡಿಯೂರಿದ.

"ಅಂಗಾಲು ನೆಲಕ್ಕೆ ಒತ್ತಿ. ಇನ್ನೂ ಗಟ್ಟಿ... ಉಸಿರು ಬಿಡ್ತಾ ಹೂಂ ಅನ್ನಿ. ನಿಲ್ಲಿಸಬೇಡಿ... ನಾನಿದ್ದೀನಿ."

ಅವಳು ತಟ್ಟನೆ ತಲೆಯೆತ್ತಿದಳು. ಅದೇ ಮಾತು. ನಡುವೆ ತಡೆದು ಹೇಳಿದ ರೀತಿಯೂ ಅದೇ. ಅವಳದೇ!

"ನೀವು... ಆವತ್ತು ಫೋನ್ ಮಾಡಿದ್ದೋರು?"

ಅವನು ತಲೆ ತಗ್ಗಿಸಿದ.

"ನಾನು ಯಾರು ಅಂತ ಮೊದಲೇ ಗೊತ್ತಿತ್ತಾ?"

"ಮೊದಲ ದಿನಾನೇ. ನಿಮ್ಮ ದನಿ ಕೇಳಿ."

"ನಿಮ್ಮ ತಂದೆ?"

ಅವನು ಇಲ್ಲವೆಂಬಂತೆ ತಲೆಯಾಡಿಸಿದ.

"ಎಲ್ಲಾ ಗೊತ್ತಿದ್ದೂ ನನ್ನ ಸಂಕಟ ನೋಡ್ತಾ ಕೂತಿದ್ರಾ? ತಪ್ಪು ಮಾಡಿದವಳು ಹೇಗೆ ಒದ್ದಾಡ್ತಾಳೆ ಅಂತಾನಾ?"

"ಹಾಗಲ್ಲ, ಕೇಳಿ..."

ಅವಳು ಕೇಳಲಿಲ್ಲ. ಬಂದ ಬಸ್ಸು ಹತ್ತಿ ಹೋಗೇಬಿಟ್ಟಳು.

ಆಮೇಲೆ ಕ್ಲಾಸಿಲ್ಲ, ಊಟ ಸೇರದು. ರಾಜೀನಾಮೆ ಕೊಡ್ತೀನಿ ಅಂತ ಒಂದೇ ಹಟ.

"ಅವನೇನಂದ?" ಅಕ್ಕ ಕೇಳಿದಳು.

"ಏನೂ ಹೇಳ್ಲಿಲ್ಲ."

"ಹೇಳೋಕೆ ಬಿಟ್ಯಾ ನೀನು?"

ಮರುದಿನ ಬೆಳಗ್ಗೆ ಅವನ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿದಳು. ಒಳಗೆ ಅವನೊಬ್ಬನೇ ಇದ್ದ. ಅವಳನ್ನು ಕಂಡು ಕೈಯಲ್ಲಿದ್ದ ಫ್ರೇಮ್ ಕೆಳಗಿಟ್ಟ.

"ಈಗ ಹೇಳಿ. ಏನಿದ್ರೂ ಕೇಳ್ತೀನಿ," ಅಂದಳು.

"ಅಪ್ಪ ಉಳೀಲಿಲ್ಲ. ಬಿದ್ದ ಕ್ಷಣಾನೇ ಎಲ್ಲಾ ಮುಗಿದಿತ್ತು ಅಂದ್ರು ಡಾಕ್ಟರ್. ನೀವು ಹೇಳಿದ್ದಾಗ್ಲಿ, ನಾನು ಮಾಡಿದ್ದಾಗ್ಲಿ, ಯಾವುದೂ ತಪ್ಪಲ್ಲ."

"ಮತ್ತೆ ಫೋನ್ ಕಟ್ಟಾಗಿದ್ದು?"

"ನಾನೇ ಮಾಡಿದ್ದು. ಆಂಬುಲೆನ್ಸಿನವರು ಬಂದು ನನ್ನ ಕೈ ಬಿಡಿಸಿದ್ರು. ಅಳು ಒತ್ತರಿಸಿ ಬಂತು... ಅದು ನಿಮಗೆ ಕೇಳಿಸಬಾರದು ಅನ್ನಿಸ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬದುಕಿದಾರೇನೋ ಅನ್ನೋ ಆಸೆ ನಿಮಗಿದ್ರೆ? ಅದನ್ನ ನನ್ನ ಕೈಯಾರೆ ಕಿತ್ಕೊಳ್ಳೋ ಧೈರ್ಯ ಬರ್ಲಿಲ್ಲ. ಹೇಳ್ಬೇಕಿತ್ತು. ತಪ್ಪಾಯ್ತು."

ಅವಳು ಸ್ಟೂಲಿನ ಮೇಲೆ ಕೂತಳು. ಹೊಟ್ಟೆಯ ಆಳದಿಂದ ಒಂದು ಉದ್ದನೆಯ ಉಸಿರು ಹೊರಟಿತು, ಮುಗಿಯದ ಹಾಗೆ... ಅದರ ಹಿಂದೆಯೇ ಅಳು. ಮೈಯೆಲ್ಲ ನಡುಗಿತು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ನಡುಕ ತಾನಾಗಿ ನಿಲ್ಲುವ ತನಕ ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

"ನನ್ನ ಜೊತೆ ನಡೀತಿದ್ದಿದ್ದು ಕರುಣೆಗಾ?" ಅವಳು ಮೂಗು ಒರೆಸಿಕೊಂಡಳು.

"ಮೊದಲ ದಿನ ಋಣ ಅಂದ್ಕೊಂಡೆ. ಆಮೇಲೆ ನೀವು, ಕ್ಲಾಸಿಗೆ ಬಿಡೋಕೆ ಬರೋ ಅಕ್ಕನ ಜೊತೆ ಜಗಳಾಡ್ತಾ ಆಡ್ತಾ ನಕ್ಕುಬಿಡ್ತೀರಲ್ಲ... ಅದನ್ನ ನೋಡೋಕೇ ಬೇಗ ಬೇಗ ಕ್ಲಾಸಿಗೆ ಬರ್ತಿದ್ದೆ. ನೀವಂದ್ರೆ ನಂಗಿಷ್ಟ."

ಅವಳ ಕೆನ್ನೆ ಬಿಸಿಯಾಯಿತು.

"ಸೋಮವಾರ ಕೆಲಸಕ್ಕೆ ಹೋಗ್ತೀನಿ," ಅಂದಳು ಕೊನೆಗೆ.

"ಭಯ ಆಗಲ್ವಾ?"

"ಆಗುತ್ತೆ. ಸಂಜೆ ನಿಮಗೆ ಫೋನ್ ಮಾಡ್ತೀನಿ. ಎತ್ತೀರಾ?"

"ನಿಮ್ಮ ನಂಬರ್ರೇ ನನ್ನ ಹತ್ರ ಇಲ್ವಲ್ಲ! ಇರೋದು ಊರಿಗೆಲ್ಲ ಗೊತ್ತಿರೋ ಆಂಬುಲೆನ್ಸ್ ನಂಬರೊಂದೇ."

ಒದ್ದೆ ಕಣ್ಣಲ್ಲೇ ಅವಳು ನಕ್ಕಳು. ಅವನ ಮೊಬೈಲ್ ತೆಗೆದುಕೊಂಡು ತಾನೇ ನಂಬರ್ ಒತ್ತಿಕೊಟ್ಟಳು.

"ಇದು ನಿಮಗೊಬ್ಬರಿಗೇ."

"ತುರ್ತು ಏನೂ ಇಲ್ಲದಿದ್ರೂ ಮಾಡಬಹುದಾ?"

"ಆವಾಗ್ಲೇ ಮಾಡ್ಬೇಕು..."