ಮಗರಪಟ್ಟಾದ ತಾಯಮ್ಮ

ಅವಧೂತ ತಾಯಮ್ಮನ ಪತ್ರವನ್ನು ಮೂರನೇ ಸಲ ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ, ಎದುರು ಕೂತಿದ್ದ ಅಪೇಕ್ಷಾ ಕೊನೆಯ ತುಂಡು ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ಅದ್ದಿ ಗಂಜಿ ಮಾಡಿಬಿಟ್ಟಿದ್ದಳು.

"ಕೇಳ್ರಿ, ಇನ್ನೊಮ್ಮೆ ಕೇಳ್ರಿ. 'ಮಗನೇ, ನಿನ್ನ ಕಥೆಯ ಕಂಡಕ್ಟರ್ ಥೇಟ್ ನಮ್ಮ ಯಜಮಾನರು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಓದಿ ಅತ್ತೆ, ಅತ್ತು ಮತ್ತೆ ಓದಿದೆ. ನಿನಗೆ ಮದುವೆಯಾಗಿದೆಯೇ?' ಎಷ್ಟ ಕಳಕಳಿ ಅದ ನೋಡ್ರಿ ಈ ಅಜ್ಜಿಗೆ!"

"ಉಂಟು, ಉಂಟು," ಅಂದಳು ಅಪೇಕ್ಷಾ. "ಮದುವೆ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಉಂಟು."

ಈ ಮರಾಠಿ ಊರಿನ ಶಿವಾಜಿನಗರದಲ್ಲಿದ್ದ ಈ ಹೋಟೆಲ್ ಅಪೇಕ್ಷಾಳ ಅಪ್ಪನದು. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ವಡೆಗೆ ಎಣ್ಣೆ ಕಾಯುವ ತನಕ ಇದರ ಮೂಲೆಯ ಟೇಬಲ್ಲೇ 'ಬೆಳಕಿಂಡಿ' ಪತ್ರಿಕೆಯ ಕಚೇರಿ. ಮೂರು ತಿಂಗಳಿಗೊಂದು ಸಂಚಿಕೆ, ಇಬ್ಬರು ಸಂಪಾದಕರು. ಅವಧೂತ ಧಾರವಾಡದ ಕಡೆಯವನು, ಇಲ್ಲಿ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾನೆ, ಕಥೆ ಬರೆಯುತ್ತಾನೆ. ಅಪೇಕ್ಷಾ ಮಗರಪಟ್ಟಾದ ಐಟಿ ಆಫೀಸಿನವಳು. ಅವನ ಕಥೆಗಳ ಮೇಲೆ ಕೆಂಪು ಪೆನ್ನು ಆಡಿಸುವುದು ಅವಳ ಕೆಲಸ.

ಇನ್ನೊಂದು ಕೆಲಸವೂ ಇತ್ತು. ಅದು ಅವಧೂತನಿಗೆ ಗೊತ್ತಿರಲಿಲ್ಲ.

ಎರಡನೇ ಸಂಚಿಕೆ ಪ್ರೆಸ್ಸಿಗೆ ಹೊರಟಾಗ ವಾಚಕರ ಪತ್ರದ ಪುಟಕ್ಕೆ ಒಂದೇ ಒಂದು ಪತ್ರವೂ ಬಂದಿರಲಿಲ್ಲ. ಅವಧೂತನ ಮುಖ ನೋಡಲಾರದೆ ಅಪೇಕ್ಷಾ ಎಡಗೈಯಲ್ಲಿ ಒಂದು ಪತ್ರ ಬರೆದು ಆಫೀಸಿನ ಹತ್ತಿರದ ಅಂಚೆ ಡಬ್ಬಿಗೆ ಹಾಕಿದಳು. ಎಡಗೈಯಲ್ಲಿ ಬರೆದರೆ ಅಕ್ಷರಕ್ಕೆ ತಾನಾಗಿಯೇ ಎಪ್ಪತ್ತು ವರ್ಷ ಆಗಿಬಿಡುತ್ತದೆ. ಸಹಿ ಮಾಡುವಾಗ ತೋಚಿದ ಹೆಸರು ತಾಯಮ್ಮ. ವಿಳಾಸಕ್ಕೆ ಅಲ್ಲೇ ಪಕ್ಕದಲ್ಲಿದ್ದ ಉಮಾವತಿ ದೊಡ್ಡಮ್ಮನ ಫ್ಲ್ಯಾಟ್.

ಒಂದೇ ಪತ್ರಕ್ಕೆ ನಿಲ್ಲಿಸಬೇಕು ಅಂತಲೇ ಇತ್ತು. ಆದರೆ ಅದನ್ನು ಓದುವಾಗ ಅವಧೂತನ ಕಿವಿಗಳು ಕೆಂಪಾದವು. ಅಷ್ಟು ಚೆಂದಕ್ಕೆ ಕೆಂಪಾಗುವ ಕಿವಿಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಂಪಾದಕಿಯಾಗಿ ಅವಳು 'ಎರಡನೇ ಪುಟ ಎಳೆದ ಹಾಗಾಯ್ತು' ಎನ್ನಬೇಕಿತ್ತು. ಮನಸ್ಸಿನಲ್ಲಿದ್ದದ್ದನ್ನು ಹೇಳಲು ತಾಯಮ್ಮ ಬೇಕಾದಳು. ಹೀಗೆ ಐದು ಪತ್ರಗಳಾದವು.

"ಇವತ್ತ ಒಂದು ಮಾತು ಹೇಳಬೇಕ್ರಿ," ಎಂದ ಅವಧೂತ, ಪತ್ರ ಮಡಚುತ್ತ. "ಪತ್ರಿಕಿ ನಿಲ್ಲಸೋಣು ಅಂತ ಮಾಡೀನಿ."

ಅಪೇಕ್ಷಾಳ ಕೈಯ ಚಮಚ ತಟ್ಟೆಗೆ ಬಿತ್ತು. "ಎಂತ ಮಾರಾಯ್ರೆ?"

"ನಾವ ಬರೀತೀವಿ, ನಾವ ಓದ್ತೀವಿ. ಈ ಊರಾಗ ನಮ್ಮನ್ನ ಖರೇನ ಓದೋರು ಅಂದ್ರ ಈ ಅಜ್ಜಿ ಒಬ್ಬಾಕೀನ. ಅದಕ್ಕ ಆಕೀನ ಕೇಳೋಣು. ನಡಸ್ರಿ ಅಂದ್ರ ನಡಸೋಣು, ಬ್ಯಾಡ ಅಂದ್ರ ಬಿಡೋಣು. ಏಳ್ರಿ."

"ಎಲ್ಲಿಗೆ?"

"ಮಗರಪಟ್ಟಾಕ್ಕ. ಪತ್ರದಾಗ ವಿಳಾಸ ಅದ ಅಲ್ರಿ."

ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿಲ್ಲ. ಸುಳ್ಳು ಗೊತ್ತಾದರೆ ಪತ್ರಿಕೆ ಹೋಗುತ್ತದೆ. ಪತ್ರಿಕೆ ಹೋದರೆ ಭಾನುವಾರ ಹೋಗುತ್ತದೆ. ಭಾನುವಾರ ಹೋದರೆ ಇವನು ಯಾವ ನೆಪದಲ್ಲಿ ಈ ಟೇಬಲ್ಲಿಗೆ ಬಂದಾನು? ಅಪೇಕ್ಷಾಗೆ ಅಳುವೇ ಬಂತು.

ಅವನ ಸ್ಕೂಟರಿನ ಹಿಂದೆ ಕೂತು, ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದರಲ್ಲಿ ಮೆಸೇಜ್ ಮಾಡಿದಳು: 'ದೊಡ್ಡಮ್ಮ, ಅರ್ಧ ಗಂಟೆಯಲ್ಲಿ ಬರ್ತೇವೆ. ಇವತ್ತು ನಿಮ್ಮ ಹೆಸರು ತಾಯಮ್ಮ. ನಿಮಗೆ ನನ್ನ ಪರಿಚಯ ಇಲ್ಲ. ನಮ್ಮ ಪತ್ರಿಕೆ ಅಂದ್ರೆ ನಿಮಗೆ ಪ್ರಾಣ. ಪ್ಲೀಸ್.' ಮುಖ್ಯವಾದ ಒಂದು ವಿಷಯ ಬಾಕಿ ಇತ್ತು. ಆದರೆ ಮುತ್ತೈದೆ ದೊಡ್ಡಮ್ಮನಿಗೆ 'ನಿಮ್ಮ ಗಂಡ ತೀರಿಕೊಂಡಿದ್ದಾರೆ' ಎಂದು ಹೇಗೆ ಟೈಪ್ ಮಾಡುವುದು? ಕೈ ಬರಲಿಲ್ಲ.

ಉತ್ತರ ಎರಡು ಸಿಗ್ನಲ್ ದಾಟುವುದರೊಳಗೆ ಬಂತು. 'ಆಯ್ತು. ಹುಡುಗ ಹೇಗಿದ್ದಾನೆ?'

"ಯಾರದ್ರಿ ಮೆಸೇಜ್?" ಎಂದು ಅವಧೂತ ಕನ್ನಡಿಯಲ್ಲಿ ಅವಳನ್ನು ನೋಡಿದ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಬೇಗನೆ ರಸ್ತೆ ನೋಡಿದಳು, ಅವನು ಸ್ವಲ್ಪ ತಡವಾಗಿ ನೋಡಿದ. ಹಿಂದಿನ ರಿಕ್ಷಾದವನು ಮರಾಠಿಯಲ್ಲಿ ಇಬ್ಬರಿಗೂ ಸೇರಿಸಿ ಬೈದು ಮುಂದೆ ಹೋದ.

ಬಾಗಿಲ ಮೇಲೆ 'ಮೋಹನದಾಸ್ ಶೆಟ್ಟಿ' ಅಂತ ಬೋರ್ಡು. "ಮಗನ ಹೆಸರಿರಬೇಕು," ಎಂದು ಅವಧೂತ ತಾನೇ ಸಮಾಧಾನ ಮಾಡಿಕೊಂಡ.

ಬಾಗಿಲು ತೆರೆದ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ತಲೆಯಲ್ಲಿ ಮಲ್ಲಿಗೆ, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ. ಅವಧೂತನ ಹುಬ್ಬು ಒಂದು ಗಳಿಗೆ ಮೇಲೆದ್ದು ಇಳಿಯಿತು. ಕಾಲ ಬದಲಾಗಿದೆ ಅಂದುಕೊಂಡನೋ ಏನೋ, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ.

"ಅಜ್ಜಿ, ನಾನ್ರಿ, ಅವಧೂತ."

"ಅಜ್ಜಿ ಎಂತಕ್ಕೆ ಮಗಾ? ಆಂಟಿ ಅಂತ ಹೇಳು," ಎಂದರು ಉಮಾವತಿ. ಅವರಿಗೆ ಇನ್ನೂ ಐವತ್ತೆಂಟು. ಆಮೇಲೆ ಅಪೇಕ್ಷಾಳ ಕಡೆ ತಿರುಗಿ, "ಈ ಚೆಂದದ ಹುಡುಗಿ ಯಾರು? ನಾನು ನೋಡಿಯೇ ಇಲ್ಲ!" ಎಂದು ಅಗತ್ಯಕ್ಕಿಂತ ನಾಲ್ಕು ಪಟ್ಟು ಜೋರಾಗಿ ಕೇಳಿದರು.

ಅವಧೂತ ಕೈಜೋಡಿಸಿಕೊಂಡು ಸೋಫಾದ ತುದಿಯಲ್ಲಿ ಕೂತ. "ನೀವ ಹೇಳ್ರಿ. ಪತ್ರಿಕಿ ನಡಸೋಣೋ, ಬಿಡೋಣೋ?"

"ನಡೆಸಬೇಕು! ಯಾಕೆ ಬಿಡುವುದು? ನನಗಂತೂ ಅದು ಪ್ರಾಣ."

ಅಪೇಕ್ಷಾ ಉಸಿರು ಬಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಬೀಗದ ಕೈ ತಿರುಗಿತು. ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು ದೊಡ್ಡಪ್ಪ ಒಳಗೆ ಬಂದರು.

"ಓ, ಅಪೇಕ್ಷಾ! ಎಂತ, ಫೋನ್ ಸಹ ಮಾಡದೆ? ಉಮಾ, ಮಗುವಿಗೆ ತಿನ್ನಲಿಕ್ಕೆ ಎಂತಾದರೂ ಕೊಟ್ಟಿಯಾ?"

"ಇವರು..." ಎಂದ ಅವಧೂತ.

"ನಮ್ಮ ಯಜಮಾನರು," ಎಂದರು ದೊಡ್ಡಮ್ಮ ಹೆಮ್ಮೆಯಿಂದ.

ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡವರು ಮುಂದೆ ಬಂದು ಅವಧೂತನ ಕೈ ಕುಲುಕಿದರು.

ಅವಧೂತ ಒಳ್ಳೆಯ ಮನೆಯ ಹುಡುಗ. ಕೊಟ್ಟ ನೀರು ಕುಡಿದ, ಇಬ್ಬರಿಗೂ ಕೈಮುಗಿದ, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದುಬಿಟ್ಟ. ಅಪೇಕ್ಷಾ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹಿಂದೆ ಓಡಿದಳು.

ಪಾರ್ಕಿಂಗಿನಲ್ಲಿ ಅವನು ಸ್ಕೂಟರಿಗೆ ಬೆನ್ನು ಹಾಕಿ ನಿಂತಿದ್ದ.

"ಭಾಳ ನಕ್ಕಿರಬೇಕಲ್ಲ ನೀವು? ನಾ ಕುಂತು ಮೂರ್ಮೂರು ಸಲ ಓದೂ ಮುಂದ?"

"ಒಮ್ಮೆಯೂ ನಗಲಿಲ್ಲ."

"ನನ್ನ ಕಥಿ ಓದಿ ಅತ್ತಾಕಿ ಒಬ್ಬಾಕಿ ಇದ್ಳು. ಈಗ ಆಕೀನೂ ಇಲ್ಲ." ಅಪೇಕ್ಷಾಗೆ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳುವ ಹಾಗಾಯಿತು.

"ಇದ್ದಾಳೆ ಅವಧೂತ. ಅತ್ತದ್ದು ನಾನು. ಹೆಸರು ಸುಳ್ಳು, ವಯಸ್ಸು ಸುಳ್ಳು, ಪಾಪ, ದೊಡ್ಡಪ್ಪನ ಸಾವೂ ಸುಳ್ಳು. ಓದಿದ್ದು ಸುಳ್ಳಲ್ಲ."

"ನೀವು?" ಅವನು ಕಹಿಯಾಗಿ ನಕ್ಕ. "ಕಂಡಕ್ಟರನ ಕಥಿಯೊಳಗ ಒಂದು ಇಡೀ ಪ್ಯಾರಾ ಹೊಡದು ಹಾಕಿದ್ರಿ. ನಾ ಒಂದು ವಾರ ಕುಂತು ಬರದದ್ದು."

ಅಪೇಕ್ಷಾ ಚಪ್ಪಲಿ ಕೆಳಗಿಟ್ಟಳು. ಅವನ ಅಂಗಿಯ ಗುಂಡಿಯನ್ನೇ ನೋಡುತ್ತ, ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ, ಒಂದೇ ಉಸಿರಿಗೆ ಹೇಳಿದಳು:

"'ಅವಳು ಮೊದಲು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ, ಆಮೇಲೆ ನಗುತ್ತಾಳೆ. ನಗು ಬರುವುದು ಅವಳಿಗೆ ಮುಂಚೆಯೇ ತಿಳಿಯುತ್ತದೆ. ನಡುವಿನ ಆ ಒಂದು ಗಳಿಗೆ ನೋಡುವುದಕ್ಕೆಂದು ಅವನು ವಾರವಿಡೀ ಒಂದು ಒಳ್ಳೆಯ ಜೋಕು ಹುಡುಕುತ್ತಾನೆ. ಸಿಗುವುದಿಲ್ಲ. ಕೆಟ್ಟ ಜೋಕನ್ನೇ ಹೇಳುತ್ತಾನೆ. ಅವಳು ಅದಕ್ಕೂ ಕೈ ಎತ್ತುತ್ತಾಳೆ.'"

ಅವಧೂತ ಅವಳ ಮುಖ ನೋಡಿದ.

"ಹೊಡದದ್ದನ್ನ ಬಾಯಿಪಾಠ ಯಾಕ ಮಾಡಿದ್ರಿ?"

"ಕಥೆಗೆ ಅದು ಬೇಡವಾಗಿತ್ತು," ಅಂದಳು ಅಪೇಕ್ಷಾ. "ನನಗೆ ಬೇಕಾಗಿತ್ತು."

ಮೇಲೆ ಯಾರದೋ ಬಾಲ್ಕನಿಯಲ್ಲಿ ಕುಕ್ಕರ್ ಕೂಗಿತು. ಅವಧೂತನ ಕಿವಿಗಳು ನಿಧಾನವಾಗಿ, ತುದಿಯಿಂದ ಶುರುವಾಗಿ, ಕೆಂಪಾದವು.

"ಖರೇ ಅಂದ್ರ ಆ ಪ್ಯಾರಾಕ್ಕೂ ಕಥಿಗೂ ಸಂಬಂಧನ ಇರಲಿಲ್ರಿ. ಒಂದು ಭಾನುವಾರ ನಿಮ್ಮ ಹೋಟೆಲ್‌ನಿಂದ ಮನಿಗೆ ಹೋಗಿ ಬರದಿದ್ನಿ. ನಿಮಗ ತೋರಸೂದು ಹೆಂಗ? ಅದಕ್ಕ ಕಂಡಕ್ಟರನ ಕಥಿಯೊಳಗ ತುರುಕಿದೆ. ನೀವು ಕೆಂಪ ಗೆರಿ ಎಳದು 'ಇವಳು ಯಾರು? ಇಲ್ಲಿ ಯಾಕೆ ಬಂದಳು?' ಅಂತ ಬರದ್ರಿ."

ಅಪೇಕ್ಷಾಳ ಕೈ ತಾನಾಗಿ ಮೇಲೆ ಹೋಗಿ ಬಾಯಿ ಮುಚ್ಚಿತು.

"ಹಾಂ," ಎಂದ ಅವಧೂತ ಮೆಲ್ಲಗೆ. "ಇದನ್ನ."

ಆಮೇಲೆ ಅವಳು ನಕ್ಕಳು. ನಗುನಗುತ್ತಲೇ ಕಣ್ಣು ಒರೆಸಿಕೊಂಡಳು. ಅವನೂ ನಕ್ಕ.

"ಪತ್ರಿಕೆ ನಿಲ್ಲಿಸುವುದಾ ಹಾಗಾದರೆ?"

"ಹೆಂಗ ನಿಲ್ಲಸೂದು? ಒಬ್ಬಾಕಿ ಅಳೂ ಹಂಗ ಓದಾಕತ್ತಾಳ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಆದ್ರ ಆಕಿ ಮನಸಿನ್ಯಾಗ ಏನದ, ಆಕೀನ ಹೇಳಬೇಕು. ಯಾವ ಅಜ್ಜೀನೂ ನಡುವ ಬರಬಾರದು."

ಎಡಗೈಯಲ್ಲಿ ಐದು ಪತ್ರ ಬರೆದವಳು ಈಗ ಒಂದು ಮಾತಿಗೆ ತಡಕಾಡಿದಳು. ಆದರೂ ತಲೆ ಎತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನನಗೆ ನೀವು ಇಷ್ಟ, ಅವಧೂತ. ಕಥೆ ಬರೆದರೂ ಇಷ್ಟ, ಬರೆಯದಿದ್ದರೂ ಇಷ್ಟ. ಬರೆಯದಿದ್ದರೆ ಸ್ವಲ್ಪ ಕಡಿಮೆ."

"ಕಡೀ ವಾಕ್ಯ ತಗೀರಿ," ಎಂದ ಅವಧೂತ, ಅವಳ ಕೈ ಹಿಡಿದುಕೊಂಡು.

"ತೆಗೆಯುವುದಿಲ್ಲ," ಅಂದಳು ಅಪೇಕ್ಷಾ. ಕೈಯನ್ನೂ ತೆಗೆಯಲಿಲ್ಲ.