ಹದಿನಾಲ್ಕನೇ ಗೇಟಿನ ಹಾರ್ನು

ಮೊದಲು ಬಂದದ್ದು ಬೇವಿನ ಮರ. ಆಮೇಲೆ ಅದರ ನೆರಳು, ನೆರಳಿನಡಿಯ ಸಿಮೆಂಟು ಬೆಂಚು, ಬೆಂಚಿನ ಬೆನ್ನಿಗೆ ಯಾರೋ ಗೀಚಿದ್ದ ಅರ್ಧ ಹೆಸರು. ಗೋಡೆಯಗಲದ ಪರದೆಯ ಮೇಲೆ ಬೆಣಚಿಹಾಳ ನಿಲ್ದಾಣ ತುಂಡುತುಂಡಾಗಿ ಎದ್ದು ನಿಲ್ಲುತ್ತಿತ್ತು. ಸುಲೋಚನಾ ಬಡಿಗೇರ ಕುರ್ಚಿಯ ತುದಿಯಲ್ಲಿ ಕುಳಿತು, ಪ್ರತಿ ತುಂಡಿನ ಮೇಲಿದ್ದ ಕೆಂಪು ಗುರುತು ಹಸಿರಾಗುವುದನ್ನೇ ನೋಡುತ್ತಿದ್ದಳು. ಒಟ್ಟು ಮೂರು ಸಾವಿರದ ನಾನೂರ ಹನ್ನೆರಡು ತುಂಡುಗಳು. ಒಂಬತ್ತನೆಯ ದಿನದ ಮಧ್ಯಾಹ್ನ ಕೊನೆಯ ಕೆಂಪು ಗುರುತೂ ಹಸಿರಾಯಿತು.

ಅವಳು ಕಟ್ಟಿದ ಆ ಯಂತ್ರದ ಹೆಸರು ಪುನರ್ಜೋಡಕ. ಅರ್ಧ ಶತಮಾನದ ಹಿಂದೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಗಳಿದ್ದವು. ಆಟದ ಜೊತೆ ಬಂದ ಹಳಿಗಳು ಸಾಲದೆ, ರೈಲಿನ ಹುಚ್ಚು ಹತ್ತಿದವರು ತಮ್ಮೂರಿನ ನಿಲ್ದಾಣ, ತಮ್ಮ ಇಂಜಿನ್ನು, ತಮ್ಮ ಸಿಗ್ನಲ್ ಕಂಬಗಳನ್ನು ತಾವೇ ತಯಾರಿಸಿ ಅದಕ್ಕೆ ಸೇರಿಸುತ್ತಿದ್ದರು. ಈ ತುಂಡುಗಳು ಒಂದನ್ನೊಂದು ನೆಚ್ಚಿಕೊಂಡಿದ್ದವು: ಒಬ್ಬನ ನಿಲ್ದಾಣಕ್ಕೆ ಇನ್ನೊಬ್ಬನ ಗಡಿಯಾರ, ಆ ಗಡಿಯಾರಕ್ಕೆ ಮತ್ತೊಬ್ಬನ ಮುಳ್ಳು. ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯವು ಒಂದಿಷ್ಟು ಸಾಯುತ್ತಿದ್ದವು. ಮುಳ್ಳು ಸಿಗದಿದ್ದರೆ ಇಡೀ ನಿಲ್ದಾಣವೇ ತೆರೆಯುತ್ತಿರಲಿಲ್ಲ. ಪುನರ್ಜೋಡಕ ಉಳಿದದ್ದನ್ನು ಓದಿ, ಕಳೆದದ್ದನ್ನು ಊಹಿಸಿ ತುಂಬುತ್ತಿತ್ತು. ಕೊನೆಗೆ ಇಂದಿನ ಆಟ ಒಪ್ಪದ ದೋಷಗಳನ್ನು ತಿದ್ದುತ್ತಿತ್ತು. ತಿದ್ದುವ ಮೊದಲಿನ ರೂಪಗಳು ದೋಷರಾಶಿ ಎಂಬಲ್ಲಿ, ಕೆಲಸ ಶುರುವಾದಂದಿನಿಂದ ಮೂವತ್ತು ದಿನ ಇದ್ದು, ತಾವಾಗಿ ಅಳಿಸಿಹೋಗುತ್ತಿದ್ದವು. ಮೂವತ್ತು ಎಂಬ ಅಂಕಿ ಹಾಕಿದವಳು ಸುಲೋಚನಾಳೇ. ತಿಂಗಳೊಳಗೆ ಯಾರಾದರೂ ಬಂದು ನೋಡದೆ ಇರುತ್ತಾರೆಯೇ ಎಂದುಕೊಂಡಿದ್ದಳು.

ಎರಡು ವರ್ಷಗಳಲ್ಲಿ, ಅಂದರೆ 2055ರಿಂದೀಚೆಗೆ, ಹುಬ್ಬಳ್ಳಿಯ ಹಳೆಯ ರೈಲ್ವೆ ಕಾಲೊನಿಯ ಬೆನ್ನಿಗಿದ್ದ ಅವಳ ಎರಡು ಕೋಣೆಯ ಪ್ರಯೋಗಾಲಯಕ್ಕೆ ನೂರಾರು ಮಂದಿ ಬಂದುಹೋಗಿದ್ದರು. ಎಂದೋ ಕಿತ್ತುಹಾಕಿದ ಹಳಿಯ ಮೇಲೆ ಶಾಲೆಯ ಮಕ್ಕಳು ಪರದೆಯಲ್ಲಿ ಮತ್ತೆ ಪ್ರವಾಸ ಹೋದರು. ತೀರಿಹೋದ ತಮ್ಮನ ಕೈಬರಹದ ಬೋರ್ಡು ಕಂಡು ಒಬ್ಬಾತ ಅಲ್ಲೇ ನೆಲಕ್ಕೆ ಕುಳಿತುಬಿಟ್ಟ. ಆದರೂ ಸುಲೋಚನಾಳಿಗೆ ಧೈರ್ಯವಿರಲಿಲ್ಲ. ಹಗಲು ಅಂಗಡಿಯೊಂದರಲ್ಲಿ ಫೋನು ರಿಪೇರಿ ಮಾಡುತ್ತ, ಸಂಜೆಯ ತರಗತಿಗಳಲ್ಲಿ ಕಲಿತ ವಿದ್ಯೆ ಅವಳದು. ದೊಡ್ಡ ಕಾಲೇಜಿನಿಂದ ಬಂದ ಯಾರೋ ಒಂದು ದಿನ ಎಲ್ಲರೆದುರು ಒಂದು ತಪ್ಪು ತೋರಿಸುತ್ತಾರೆ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ಬೆಣಚಿಹಾಳದ ಶಾಖಾಮಾರ್ಗವನ್ನು ತಂದವಳು ಖಾಜಾಬಿ ನದಾಫ. ಗಾದಿ ತುಂಬುವ ಅಂಗಡಿ ನಡೆಸುವ ಎಪ್ಪತ್ತೆಂಟರ ಹೆಂಗಸು. ಕೌದಿಯ ತುಂಡಿನಲ್ಲಿ ಸುತ್ತಿದ್ದ ಹಳೆಯ ಡಿಸ್ಕನ್ನು ಮೇಜಿನ ಮೇಲಿಟ್ಟು, "ನಮ್ಮ ಮನೆಯವರು ಹುಸೇನಸಾಬರು, ಇಂಜಿನ್ ಡ್ರೈವರ್. ಅವರ ಲೈನು ಮುಚ್ಚಿದ ಮ್ಯಾಲ ಹನ್ನೊಂದು ವರ್ಷ ಕುಂತು ಇದರಾಗ ಕಟ್ಟಿದ್ರು," ಎಂದಿದ್ದಳು. "ಹೆಂಡ್ತಿ ಕೂಡ ಅಷ್ಟು ಮಾತಾಡಲಿಲ್ಲ ಬಿಡ್ರಿ, ಆ ಕಂಪ್ಯೂಟರ್ ಡಬ್ಬಿ ಕೂಡ ಮಾತಾಡಿದ್ದ ಮಾತಾಡಿದ್ದು."

"ಏನು ನೋಡಬೇಕ್ರಿ ಅಮ್ಮಾರ?"

"ನೋಡೋದು ಏನೂ ಇಲ್ಲ. ಹಾರ್ನು ಕೇಳಬೇಕು. ಲೈನು ಮುಚ್ಚೋ ಕಡೀ ದಿನ ಅವರು ಫೋನಿನ್ಯಾಗ ಹಿಡಕೊಂಡು ಇದಕ್ಕ ಹಾಕಿದ್ರು. ಫೋನು ಕೆಟ್ಟು ಹೋತು. ಅವರು ಹೋಗಿ ಹನ್ನೊಂದು ವರ್ಷ ಆತು. ಎಲ್ಲಿದ್ರೂ ಇದರಾಗ ಇರಬೇಕು."

ಡಿಸ್ಕು ಒಂದೇ ಸಲ ತಿರುಗಿತು. ತನ್ನಲ್ಲಿದ್ದುದನ್ನೆಲ್ಲ ಪುನರ್ಜೋಡಕಕ್ಕೆ ಕೊಟ್ಟು, ಸಣ್ಣಗೆ ಕಿರುಗುಟ್ಟಿ, ನಿಂತುಹೋಯಿತು. ಮತ್ತೆ ತಿರುಗಲಿಲ್ಲ.

ಒಂಬತ್ತನೆಯ ದಿನವೇ ಕೆಲಸ ಮುಗಿದಿತ್ತು, ಅಂದೇ ಖಾಜಾಬಿಯನ್ನು ಕರೆಯಬಹುದಿತ್ತು. ಸುಲೋಚನಾ ಕರೆಯಲಿಲ್ಲ. ಬೇವಿನ ಎಲೆಯ ಬಣ್ಣ ಕೊಂಚ ಹೆಚ್ಚು ಹಸಿರಾಯಿತೇ? ನಾಮಫಲಕದ ಅಕ್ಷರದ ದಪ್ಪ ಸರಿಯೇ? ಬೋಗಿಯ ಸಂಖ್ಯೆಗಳನ್ನು ಹಳೆಯ ವೇಳಾಪಟ್ಟಿಗಳ ಜೊತೆ ಮೂರು ಸಲ ತಾಳೆ ನೋಡಿದಳು. ಗದಗಿನಿಂದ ಬಡಗಿ ಕೆಲಸದ ಅಣ್ಣ ಮೌನೇಶ ಫೋನು ಮಾಡಿ, "ಇನ್ನೂ ತಿದ್ದಾಕತ್ತೀಯೇನು? ನಾ ಆಗಿದ್ರ ಇಷ್ಟೊತ್ತಿಗೆ ಹತ್ತು ಬಾಗಲಾ ಕೂಡ್ರಸ್ತಿದ್ದೆ," ಎಂದು ನಕ್ಕ. ಮರದ ಹೊಟ್ಟು ಕುಡಿದ ಗಂಟಲು ಅವನದು. ಎದುರಿಗಿದ್ದರೆ ಪ್ರತಿ ಮಾತಿಗೂ ಮುಂಚೆ ಒಮ್ಮೆ ಕೆಮ್ಮುತ್ತಿದ್ದ. ಫೋನಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ಎಲ್ಲ ಫೋನುಗಳಂತೆ ಅವಳದೂ ಬರುವ ಕರೆಯಲ್ಲಿ ಮಾತಲ್ಲದ್ದನ್ನು ಸೋಸಿಬಿಡುತ್ತಿತ್ತು.

ಅವಳು ಖಾಜಾಬಿಯನ್ನು ಕರೆದದ್ದು ಮೂವತ್ನಾಲ್ಕನೆಯ ದಿನ.

ಪರದೆಯ ಮೇಲೆ ರೈಲು ಬೆಣಚಿಹಾಳ ಬಿಟ್ಟಿತು. ಖಾಜಾಬಿ ಸೆರಗಿನ ತುದಿ ಹಿಡಿದು ಕುಳಿತಿದ್ದಳು. ಜೋಳದ ಹೊಲ ದಾಟಿತು, ಕಲ್ಲಿನ ಸೇತುವೆ ದಾಟಿತು. ಹದಿನಾಲ್ಕನೇ ಗೇಟಿನ ಪಕ್ಕದಲ್ಲಿ ರೈಲ್ವೆಯವರ ನಾಲ್ಕು ಮನೆಗಳು ಕಾಣಿಸಿದವು. ಹಾರ್ನು ಕೂಗಿತು. ಎರಡು ಗಿಡ್ಡ, ಒಂದು ಉದ್ದ. ಸ್ವಚ್ಛವಾಗಿ, ದುಂಡಗೆ.

ಖಾಜಾಬಿ ಕಾದಳು. ರೈಲು ಗೇಟು ದಾಟಿ ಹೋಯಿತು. ಅವಳು ಇನ್ನೂ ಕಾಯುತ್ತಲೇ ಇದ್ದಳು.

"ಚಂದ ಐತಿ," ಎಂದಳು ಕೊನೆಗೆ. "ಆದ್ರ ಇದು ಅವರದ್ದಲ್ಲ."

"ಅದೇ ಫೈಲು ಅಮ್ಮಾರ. ಬ್ಯಾರೆ ಯಾವುದೂ ಇಲ್ಲ ಅದರಾಗ."

"ಅವರ ಬಲಗೈ ಹೆಬ್ಬಟ್ಟು ಅರ್ಧ ಇರಲಿಲ್ರಿ ಬಾಯಾರ. ಹುಡುಗ ಇದ್ದಾಗ ರೈಲಿನ ಡಬ್ಬಿ ಒಂದಕ್ಕೊಂದು ಕೂಡಸೋ ಮುಂದ ಸಿಕ್ಕಿತ್ತು. ಹಾರ್ನಿನ ಹಿಡಿ ಕಡೀಕ ಜಾರ್ತಿತ್ತು. ಉದ್ದಂದು ಮುಗದ ಮ್ಯಾಲ ಒಂದು ಬಿಕ್ಕು ಬರ್ತಿತ್ತು, ಮಗು ಅತ್ತು ಸುಮ್ಮನಾದ ಮ್ಯಾಲ ಬರ್ತದಲ್ಲ, ಹಂಗ." ಅವಳು ಗಂಟಲಲ್ಲಿ ಅದನ್ನು ಮಾಡಿ ತೋರಿಸಲು ಹೋದಳು. ಆಗಲಿಲ್ಲ. "ಆ ಲೈನಿನ್ಯಾಗ ದಿನಕ್ಕ ಆರು ಗಾಡಿ. ನಮ್ಮ ಮನಿ ಮುಂದಿನ ಗೇಟಿಗೆ ಎಲ್ಲಾರೂ ಹಾರ್ನು ಹೊಡೀತಿದ್ರು. ಬಿಕ್ಕು ಕೇಳಿದ ಮ್ಯಾಲೇ ನಾನು ಒಲೀಗೆ ನೀರು ಇಡ್ತಿದ್ದೆ. ಅಕ್ಕಪಕ್ಕದವರು ನಗ್ತಿದ್ರು, ಖಾಜಾಬಿ ಗಂಡ ಊರಿಗೆಲ್ಲಾ ಬಿಕ್ಕತಾನ ಅಂತ."

ಸುಲೋಚನಾ ಪರದೆಯತ್ತ ತಿರುಗಿದಳು. ಯಂತ್ರದ ದಿನಚರಿಯನ್ನು ತೆರೆದಳು. ಎರಡು ಸಾವಿರದ ಇನ್ನೂರ ಏಳನೆಯ ಸಾಲಿನಲ್ಲಿತ್ತು: ಶಬ್ದದ ತುದಿ ಅಸಮ. 0.7 ಸೆಕೆಂಡು ಕತ್ತರಿಸಿ ಸರಿಪಡಿಸಲಾಗಿದೆ.

ದೋಷರಾಶಿ ನಾಲ್ಕು ದಿನಗಳ ಹಿಂದೆ ಖಾಲಿಯಾಗಿತ್ತು.

"ಒಂದು ದಿನ ಕೊಡ್ರಿ," ಎಂದಷ್ಟೇ ಹೇಳಿ ಖಾಜಾಬಿಯನ್ನು ಬೀಳ್ಕೊಟ್ಟಳು. ಆಮೇಲೆ ಅಳಿಸಿದ ಜಾಗಗಳನ್ನು ಕೆದಕಿದಳು. ನಿಂತ ಡಿಸ್ಕನ್ನು ಬಿಚ್ಚಿದಳು. ಅದರ ತಟ್ಟೆಯ ಮೇಲೆ ಉದ್ದಕ್ಕೂ ಗೀರು ಬಿದ್ದಿತ್ತು. ಬೋಗಿಯ ಸಂಖ್ಯೆ ಮೂರು ಸಲ ನೋಡಿದವಳು ಹಾರ್ನಿನ ಮೂಲ ಶಬ್ದವನ್ನು ಒಂದು ಸಲವೂ ಕೇಳಿರಲಿಲ್ಲ. ಅದರ ಗುರುತು ಹಸಿರಾಗಿತ್ತು, ಹಸಿರಾದ ಮೇಲೆ ಅವಳಿಗೆ ಅನುಮಾನ ಬಂದಿರಲಿಲ್ಲ. ತನ್ನ ಮೇಲೆ ಇಷ್ಟೊಂದು ಅನುಮಾನವಿದ್ದವಳು ಯಂತ್ರವನ್ನು ಹೇಗೆ ಅಷ್ಟು ನಂಬಿದೆನೋ ಎಂದು ಅವಳಿಗೇ ತಿಳಿಯಲಿಲ್ಲ.

ಪರದೆ ಕೇಳುತ್ತಿತ್ತು: ಕೊರತೆ 0.7 ಸೆಕೆಂಡು. ಊಹಿಸಿ ತುಂಬಲೇ?

ತುಂಬು ಎಂದಳು. ಯಂತ್ರ ಒಂಬತ್ತು ಬಿಕ್ಕುಗಳನ್ನು ಮಾಡಿಕೊಟ್ಟಿತು. ಮೂರನೆಯದನ್ನು ಅವಳು ಮತ್ತೆ ಮತ್ತೆ ಕೇಳಿದಳು. ಅರ್ಧ ಹೆಬ್ಬೆರಳಿನ ಮುದುಕನೊಬ್ಬ ಹಿಡಿಯನ್ನು ಜಾರಿಸಿದಂತೆಯೇ ಇತ್ತು. ಅದನ್ನು ಹಾಕಿಬಿಟ್ಟರೆ ಖಾಜಾಬಿ ಅತ್ತು, ಹರಸಿ ಹೋಗುತ್ತಾಳೆ. ಯಾರಿಗೂ ತಿಳಿಯುವುದಿಲ್ಲ. ಬೆರಳನ್ನು ಗುಂಡಿಯ ಮೇಲಿಟ್ಟು ಬಹಳ ಹೊತ್ತು ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಗಾದಿಯ ಅಂಗಡಿಗೆ ತಾನೇ ಹೋದಳು. ಖಾಜಾಬಿ ಹಳೆಯ ಗಾದಿಯೊಂದನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ಸುಲೋಚನಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕತ್ತರಿಸಿದ್ದು, ಮೂವತ್ತು ದಿನ, ಅಳಿಸಿಹೋದದ್ದು.

"ಒಂಬತ್ತನೇ ದಿನಾನೇ ಕೆಲಸ ಮುಗದಿತ್ತು ಅಂದ್ರಿ."

"ಹೌದ್ರಿ."

"ಮತ್ತ ಯಾಕ ಕರೀಲಿಲ್ಲ?"

"ಏನೂ ತಪ್ಪು ಇರಬಾರದು ಅಂತ ನೋಡಾಕತ್ತಿದ್ದೆ."

ಖಾಜಾಬಿಯ ಬೆರಳುಗಳು ಹತ್ತಿಯಲ್ಲಿ ನಿಂತವು. "ತಪ್ಪು ಇದ್ದದ್ದೇ ಬೇಕಾಗಿತ್ತಲ್ಲ ಯವ್ವಾ ನನಗ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲೋಚನಾಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

"ಮಷೀನು ಅಂಥದ್ದೇ ಒಂದನ್ನ ಮಾಡಿಕೊಡ್ತದ. ನೀವು ಹೂಂ ಅಂದ್ರ ಹಾಕ್ತೀನಿ."

"ಹೇಳದನ ಹಾಕಿದ್ರ ನನಗ ಗೊತ್ತಾಗ್ತಿತ್ತೇನು?"

"ಇಲ್ಲ ಅನಸ್ತದ್ರಿ."

"ಹಂಗಾದ್ರ ಬ್ಯಾಡ." ಖಾಜಾಬಿ ತನ್ನ ಕಿವಿಯನ್ನು ಮುಟ್ಟಿಕೊಂಡಳು. "ಅದನ್ನ ನಾಲ್ಕು ಸಲ ಕೇಳಿದ್ರ ಇಲ್ಲಿ ಇದ್ದದ್ದು ಹೋಗ್ತದ. ಆಮ್ಯಾಲ ನಿಮ್ಮ ಮಷೀನಿಂದ ಅಷ್ಟ ಉಳೀತದ. ಈಗ ಅದು ಉಳದಿರೋದು ಇದೊಂದ ಜಾಗದಾಗ." ಹತ್ತಿಯ ಇನ್ನೊಂದು ಗಂಟು ಬಿಡಿಸುತ್ತ ಕೇಳಿದಳು: "ಎಷ್ಟು ಹೊತ್ತಿಂದು ಕತ್ತರಿಸೇದ ಅಂದ್ರಿ?"

"ಪೂರಾ ಒಂದು ಸೆಕೆಂಡೂ ಇಲ್ರಿ. ಹತ್ತರಾಗ ಏಳು ಪಾಲು."

"ಅಷ್ಟು ಹೊತ್ತು ಖಾಲಿ ಬಿಡ್ರಿ. ಏನೂ ತುಂಬಬ್ಯಾಡ್ರಿ."

ಸುಲೋಚನಾ ಹಾಗೆಯೇ ಮಾಡಿದಳು. ಈಗ ಆ ಆಟದಲ್ಲಿ ರೈಲು ಹದಿನಾಲ್ಕನೇ ಗೇಟಿಗೆ ಬಂದು, ಎರಡು ಗಿಡ್ಡ ಒಂದು ಉದ್ದ ಕೂಗಿದ ಮೇಲೆ, ಎಲ್ಲ ಸದ್ದೂ ನಿಲ್ಲುತ್ತದೆ. ಗಾಲಿ, ಗಾಳಿ, ಹಳಿಯ ಬಡಿತ, ಯಾವುದೂ ಇಲ್ಲ. ಮೊದಲ ಸಲ ಅದನ್ನು ಓಡಿಸಿದಾಗ ಆ ಚೂರು ಮೌನದಲ್ಲಿ ಖಾಜಾಬಿಯ ಗಂಟಲು ಒಮ್ಮೆ ಅಲುಗಿತು. ಏನೂ ಕೇಳಿಸಲಿಲ್ಲ. ಮತ್ತೆ ಗಾಲಿಗಳ ಸದ್ದು ಶುರುವಾದಾಗ ಅವಳು ಎದ್ದು ನಿಂತು, "ನೀರು ಕಾದಿರಬೇಕು," ಎಂದು ತನಗೇ ಎಂಬಂತೆ ಹೇಳಿಕೊಂಡು, ಚಪ್ಪಲಿ ಹುಡುಕಿದಳು.

ಅಂದಿನಿಂದ ಪುನರ್ಜೋಡಕದಲ್ಲಿ ದೋಷರಾಶಿ ತಾನಾಗಿ ಅಳಿಯುವುದಿಲ್ಲ. ತಂದುಕೊಟ್ಟವರೇ ಕೂತು ಕೇಳಿ, ಇದು ದೋಷ, ಇದು ದೋಷವಲ್ಲ ಎಂದು ಹೇಳುವವರೆಗೆ ಯಾವ ಗುರುತೂ ಹಸಿರಾಗುವುದಿಲ್ಲ. ಕೆಲಸ ನಿಧಾನವಾಯಿತೆಂದು ಕೆಲವರು ಗೊಣಗಿದರು. ಈ ತಿದ್ದುಪಡಿಯಿಂದ ಖಾಜಾಬಿಗೆ ಏನೂ ಮರಳಿ ಸಿಗಲಿಲ್ಲ ಎಂಬುದು ಸುಲೋಚನಾಳಿಗೆ ಗೊತ್ತಿತ್ತು.

ಖಾಜಾಬಿ ಹಾರ್ನು ಕೇಳಿ ಮನೆಗೆ ಮರಳಿದ ಆ ಸಂಜೆ ಸುಲೋಚನಾ ತನ್ನ ಫೋನನ್ನು ಕೈಗೆತ್ತಿಕೊಂಡಳು. ಮಾತಲ್ಲದ್ದನ್ನು ಸೋಸುವ ಸೌಲಭ್ಯ ಎಷ್ಟೋ ಪದರಗಳ ಒಳಗಿತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಎಲ್ಲರ ಫೋನಿನಲ್ಲೂ ಇರುವಂಥದು, ಯಾರೂ ಬೇಕೆಂದು ಕೇಳಿ ಹಾಕಿಸಿಕೊಂಡದ್ದಲ್ಲ. ಹುಡುಕಿ ಅದನ್ನು ಬಂದ್ ಮಾಡಿ, ಗದಗಿಗೆ ಫೋನು ಮಾಡಿದಳು.

ಮೊದಲು ಬಂದದ್ದು ಒಂದು ಕೆಮ್ಮು. ಹಿಂದೆ ಎಲ್ಲೋ ಮರ ಹೆರೆಯುವ ಉಜ್ಜುಗೊರಡು ಆಡುವ ಸದ್ದು. ಆಮೇಲೆ, "ಹೇಳವಾ. ಯಾಕ, ಏನಾತು?"

"ಏನಿಲ್ಲ ಅಣ್ಣಾ," ಎಂದಳು ಸುಲೋಚನಾ. "ಒಂದೀಟು ಹೊತ್ತು ಹಂಗ ಇರು."